ನಯ ಬಂತು, ಉಂಗುರ ಉಳಿಯಿತು: ಒಂದು ಮಸೂರದ ಅಚ್ಚಿನ ಪಾಲಿಶ್ ಪ್ರಕರಣ

ಅಚ್ಚು ಕನ್ನಡಿಯಂತೆ ಹೊಳೆಯುತ್ತಿದೆ. ಒರಟುತನದ ಅಳತೆ ಒಂದು ನ್ಯಾನೊಮೀಟರ್ ಆಸುಪಾಸಿಗೆ ಇಳಿದಿದೆ, ಆಕಾರದ ವರದಿಯೂ ಮಿತಿಯೊಳಗಿದೆ. ಆದರೂ ಆ ಅಚ್ಚಿನಿಂದ ಬಂದ ಮಸೂರದಲ್ಲಿ ಚುಕ್ಕಿ ಬೆಳಕಿನ ಸುತ್ತ ತೆಳುವಾದ ಉಂಗುರ ಕಾಣುತ್ತದೆ. ಪಾಲಿಶ್ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಕಾಡುವ ಸ್ಥಿತಿ ಇಲ್ಲ, ಏಕೆಂದರೆ ಕಾಗದದ ಮೇಲೆ ತಪ್ಪೇ ಇರುವುದಿಲ್ಲ. ಈ ಪ್ರಕರಣವನ್ನು ಕಲಿಕೆಗಾಗಿ ಕಟ್ಟಿದ್ದು. ಅಂಕಿಗಳನ್ನು ಒಂದಕ್ಕೊಂದು ಹೊಂದುವಂತೆ ಲೆಕ್ಕ ಹಾಕಿ ಕೊಟ್ಟಿದೆ. ದೋಷಗಳು, ಅವುಗಳ ಕಾರಣಗಳು ಮಾತ್ರ ಇಂಥ ಅಚ್ಚು ಮಾಡುವವರೆಲ್ಲ ಎದುರಿಸುವಂಥವೇ.

ಅಚ್ಚು ಮತ್ತು ದೂರು

ಅಕ್ರಿಲಿಕ್ ಮಸೂರವನ್ನು ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ತೆಗೆಯಲು ಬೇಕಾದ ಇನ್ಸರ್ಟ್ (ಅಚ್ಚಿನೊಳಗೆ ಕೂರಿಸುವ, ಮಸೂರಕ್ಕೆ ಆಕಾರ ಕೊಡುವ ತುಂಡು) ಇದು. ಮೈ ಸ್ಟೇನ್‌ಲೆಸ್ ಟೂಲ್ ಸ್ಟೀಲ್, ಅದರ ಮೇಲೆ 100 ಮೈಕ್ರಾನ್ ದಪ್ಪದ ಎಲೆಕ್ಟ್ರೋಲೆಸ್ (ವಿದ್ಯುತ್ ಇಲ್ಲದೆ ರಾಸಾಯನಿಕ ಕ್ರಿಯೆಯಿಂದ ಹಾಕುವ) ನಿಕಲ್-ಫಾಸ್ಫರಸ್ ಲೇಪ. ಲೇಪದಲ್ಲಿ ಫಾಸ್ಫರಸ್ ತೂಕದಲ್ಲಿ ಸುಮಾರು 12%. ಇಷ್ಟು ಫಾಸ್ಫರಸ್ ಇದ್ದರೆ ಲೇಪಕ್ಕೆ ಹರಳಿನ ರಚನೆ ಇರುವುದಿಲ್ಲ, ವಜ್ರದ ಟೂಲ್ ಅದನ್ನು ಸಲೀಸಾಗಿ ಕತ್ತರಿಸುತ್ತದೆ. ಉಕ್ಕನ್ನೇ ನೇರವಾಗಿ ಕತ್ತರಿಸಲು ಹೋದರೆ ವಜ್ರದ ಇಂಗಾಲ ಕಬ್ಬಿಣದ ಜೊತೆ ವರ್ತಿಸಿ ಟೂಲ್‌ನ ಅಂಚು ಬೇಗ ಹೋಗುತ್ತದೆ. ಲೇಪ ಹಾಕುವುದೇ ಅದಕ್ಕಾಗಿ. ಈ ಲೇಪವನ್ನು 300 ಡಿಗ್ರಿ ಸೆಲ್ಸಿಯಸ್‌ನ ಮೇಲಕ್ಕೆ ಕಾಯಿಸಬಾರದು. ಕಾಯಿಸಿದರೆ ಒಳಗೆ ಹರಳುಗಳು ಮೂಡಿ ಗಟ್ಟಿಯಾಗುತ್ತದೆ, ಟೂಲ್ ಸವೆಯುತ್ತದೆ, ಕಾಂತೀಯ ಗುಣವೂ ಬರುತ್ತದೆ.

ಮೇಲ್ಮೈ ಒಳಬಾಗಿದ ಅಗೋಳೀಯ (ನಿಖರ ಗೋಳದ ಭಾಗವಲ್ಲದ) ಬಟ್ಟಲು. ಮೂಲ ತ್ರಿಜ್ಯ 30 ಮಿ.ಮೀ., ಬಳಕೆಯ ವ್ಯಾಸ 24 ಮಿ.ಮೀ., ಲೇತ್‌ನಲ್ಲಿ ಕತ್ತರಿಸಿದ ವ್ಯಾಸ 28 ಮಿ.ಮೀ. ಮಸೂರದ ಇನ್ನೊಂದು ಬದಿ ಸಮತಟ್ಟು, ನಾಭಿದೂರ ಸುಮಾರು 60 ಮಿ.ಮೀ. ಆಕಾರ ದೋಷಕ್ಕೆ ಮಿತಿ ಶಿಖರದಿಂದ ಕಣಿವೆಗೆ 0.15 ಮೈಕ್ರಾನ್, ಒರಟುತನಕ್ಕೆ ಆರ್‌ಕ್ಯೂ (ಏರಿಳಿತಗಳ ವರ್ಗಗಳ ಸರಾಸರಿಯ ವರ್ಗಮೂಲ) 2 ನ್ಯಾನೊಮೀಟರ್.

ಮೊದಲ ಕಟ್ ಅನ್ನು 0.5 ಮಿ.ಮೀ. ಮೂಗಿನ (ದುಂಡು ತುದಿಯ) ತ್ರಿಜ್ಯದ ವಜ್ರದ ಟೂಲ್‌ನಿಂದ, ಒಂದು ಸುತ್ತಿಗೆ 5 ಮೈಕ್ರಾನ್ ಫೀಡ್‌ನಲ್ಲಿ, ಅಂದರೆ ಟೂಲ್ ಅಷ್ಟು ಸರಿಯುವಂತೆ, ತೆಗೆದದ್ದು. ಫೀಡ್‌ನ ವರ್ಗವನ್ನು ಮೂಗಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಗೀರುಗಳ ಆಳ ಸಿಗುತ್ತದೆ: ಇಲ್ಲಿ 6.25 ನ್ಯಾನೊಮೀಟರ್. ಕಂಪನ, ಟೂಲ್‌ನ ಅಂಚಿನ ಸಣ್ಣ ಏರುಪೇರು, ಲೋಹ ಪಕ್ಕಕ್ಕೆ ಜರುಗುವುದು ಇವೆಲ್ಲ ಸೇರಿ ನಿಜದ ಆಳ ಲೆಕ್ಕಕ್ಕಿಂತ ಹೆಚ್ಚೇ ಇರುತ್ತದೆ. ಅಳೆದಾಗ ಆಳ 25 ನ್ಯಾನೊಮೀಟರ್, ಆರ್‌ಕ್ಯೂ 5 ಬಂತು.

ದೂರು ಹೀಗಿತ್ತು: ಪ್ರಖರ ಬೆಳಕನ್ನು ಮಸೂರದ ಮೂಲಕ ನೋಡಿದರೆ ದೂರದಲ್ಲಿ ಕಾಮನಬಿಲ್ಲಿನ ಪಟ್ಟಿ. ಇದು ಅರ್ಥವಾಗುವ ದೋಷ. 5 ಮೈಕ್ರಾನ್ ಅಂತರದ ಗೀರುಗಳು ಅಚ್ಚಿನಿಂದ ಪ್ಲಾಸ್ಟಿಕ್‌ಗೆ ಹಾಗೆಯೇ ಇಳಿದು ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಹರಡುವ ಸಮಾನಾಂತರ ಗೆರೆಗಳ ಸಾಲು) ಆಗುತ್ತವೆ. 0.5 ಮೈಕ್ರಾನ್ ತರಂಗಾಂತರದ ಬೆಳಕು ಸುಮಾರು 5.7 ಡಿಗ್ರಿ ದೂರಕ್ಕೆ ಹೋಗುತ್ತದೆ. ತರಂಗಾಂತರವನ್ನು ಗೀರುಗಳ ಅಂತರದಿಂದ ಭಾಗಿಸಿದರೆ ಬೆಳಕು ಎಷ್ಟು ಓರೆಯಾಗುತ್ತದೆ ಎಂದು ತಿಳಿಯುತ್ತದೆ. ಈ ಒಂದು ಸಂಬಂಧವನ್ನು ನೆನಪಿನಲ್ಲಿಡಿ, ಇಡೀ ಪ್ರಕರಣ ಬಿಡಿಸಿಕೊಂಡದ್ದು ಇದರಿಂದಲೇ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಅಚ್ಚಿನ ಮೇಲೆ ಕಾಣುವ ಕಾಮನಬಿಲ್ಲು ಮಸೂರದಲ್ಲಿ ಕಾಣುವುದಕ್ಕಿಂತ ಬಹಳ ಜೋರು. ಪ್ರತಿಫಲನದಲ್ಲಿ ಮೇಲ್ಮೈಯ ಏರಿಳಿತ ಎರಡರಷ್ಟಾಗಿ ಎಣಿಕೆಗೆ ಬರುತ್ತದೆ. ಅಕ್ರಿಲಿಕ್ ಮಸೂರದ ಮೂಲಕ ಹಾಯುವಾಗ 0.49ರಷ್ಟು ಮಾತ್ರ. ಚೆದುರುವಿಕೆ ಇದರ ವರ್ಗಕ್ಕೆ ಅನುಗುಣ, ಹಾಗಾಗಿ ವ್ಯತ್ಯಾಸ ಹದಿನಾರು ಪಟ್ಟಿಗೂ ಮೀರುತ್ತದೆ. ಅಚ್ಚನ್ನು ಕಣ್ಣಿನಿಂದ ನೋಡಿಯೇ ‘ಇನ್ನೂ ಸ್ವಲ್ಪ ಉಜ್ಜೋಣ’ ಎಂದು ಹೊರಡುವುದು ಆಕಾರವನ್ನು ಕೆಡಿಸುವ ಅತಿ ಸುಲಭದ ದಾರಿ.

ಮೊದಲ ಪ್ರಯತ್ನ: ಕೈಯಿಂದ

ನಮದೆಯ (ಫೆಲ್ಟ್) ತುದಿ ಇರುವ ಕಡ್ಡಿ, 1 ಮೈಕ್ರಾನ್ ವಜ್ರದ ಪೇಸ್ಟ್, ನಿಧಾನವಾಗಿ ತಿರುಗುವ ಸ್ಪಿಂಡಲ್, ಆರು ನಿಮಿಷ. ಕಾಮನಬಿಲ್ಲು ಹೋಯಿತು, ಆರ್‌ಕ್ಯೂ 2.2ಕ್ಕೆ ಇಳಿಯಿತು. ಆಕಾರ ದೋಷ 0.09 ಮೈಕ್ರಾನ್‌ನಿಂದ 0.52ಕ್ಕೆ ಏರಿತು: ನಡುವೆ ಗುಂಡಿ, ಅಂಚಿನಲ್ಲಿ ಇಳಿಜಾರು.

ಕಾರಣ ಸರಳ. ಪಾಲಿಶ್‌ನಲ್ಲಿ ಸವೆತದ ವೇಗ ಒತ್ತಡ ಮತ್ತು ಸಾಪೇಕ್ಷ ವೇಗಗಳ ಗುಣಲಬ್ಧಕ್ಕೆ ಅನುಗುಣ. 1927ರಲ್ಲಿ ಪ್ರೆಸ್ಟನ್ ಗಾಜಿನ ವಿಷಯದಲ್ಲಿ ಬರೆದಿಟ್ಟ ಈ ನಿಯಮ ಲೋಹದ ಅಚ್ಚಿನಲ್ಲೂ ನಡೆಯುತ್ತದೆ. ಕೈಯ ಒತ್ತಡ ಒಂದೇ ಸಮ ಇರುವುದಿಲ್ಲ. ನಡುವಿನಲ್ಲಿ ವೇಗ ಕಡಿಮೆ ಎಂಬುದು ನಿಜ, ಆದರೆ ಕಡ್ಡಿ ಅಲ್ಲಿ ಹಾಯುವ ಪ್ರತಿ ಸಲವೂ ಅದೇ ಪುಟ್ಟ ಜಾಗದ ಮೇಲೆ ಬೀಳುತ್ತದೆ. ಹೊರಗಿನ ಉಂಗುರಕ್ಕೆ ಆ ಸವೆತ ಸುತ್ತಳತೆಯುದ್ದಕ್ಕೂ ಹಂಚಿಹೋಗುತ್ತದೆ. ಅಂಚಿನಲ್ಲಿ ನಮದೆಯ ಅರ್ಧ ಭಾಗ ಹೊರಗೆ ಜೋತಾಗ ಉಳಿದ ಅರ್ಧದ ಮೇಲೆ ಒತ್ತಡ ಏರುತ್ತದೆ.

ಇದನ್ನು ಕೈಚಳಕದ ಕೊರತೆ ಎಂದು ನೋಡುವುದು ಸರಿಯಲ್ಲ. ಇದು ಲೆಕ್ಕದ ವಿಷಯ. ಸವೆತದ ಏರುಪೇರು 10% ಎಂದು ಹಿಡಿಯಿರಿ. 100 ನ್ಯಾನೊಮೀಟರ್ ತೆಗೆದರೆ ಆಕಾರ 10 ನ್ಯಾನೊಮೀಟರ್ ಕೆಡುತ್ತದೆ. 1 ಮೈಕ್ರಾನ್ ತೆಗೆದರೆ 100 ನ್ಯಾನೊಮೀಟರ್, ಅಂದರೆ ಮಿತಿಯ ಮೂರನೇ ಎರಡು ಭಾಗ ಅಲ್ಲೇ ಮುಗಿಯಿತು. ಹಾಗಾಗಿ ಪಾಲಿಶ್ ಶುರು ಮಾಡುವ ಮೊದಲು ಕೇಳಬೇಕಾದದ್ದು ಎಷ್ಟು ನಯ ಬೇಕು ಎಂದಲ್ಲ, ಎಷ್ಟು ಕಡಿಮೆ ತೆಗೆದು ಅದನ್ನು ಪಡೆಯಬಹುದು ಎಂದು. ಗೀರಿನ ಆಳ 25 ಇದ್ದರೆ 100 ತೆಗೆದರೆ ಸಾಕು. ಕೈಯಿಂದ ಎಷ್ಟು ಹೋಯಿತು ಎಂದು ಯಾರಿಗೂ ಲೆಕ್ಕ ಸಿಗುವುದಿಲ್ಲ.

ಅಚ್ಚನ್ನು ಮತ್ತೆ ಲೇತ್‌ಗೆ ಕಟ್ಟಿ 8 ಮೈಕ್ರಾನ್ ತೆಗೆದು ಹೊಸ ಮೇಲ್ಮೈ ಮಾಡಲಾಯಿತು. ಲೇಪದ ದಪ್ಪ ಇಂಥ ಹೊತ್ತಿಗೆ ಆಸ್ತಿ. ಮೊದಲ ಕಟ್‌ನಲ್ಲಿ 20 ಮೈಕ್ರಾನ್ ಹೋಗಿದ್ದರೂ 72 ಉಳಿದಿತ್ತು. ಇನ್ಸರ್ಟ್ ತಗ್ಗಿದಷ್ಟಕ್ಕೆ ಹಿಂದೆ ಶಿಮ್ (ತೆಳು ಲೋಹದ ಹಾಳೆ) ಕೊಡಬೇಕು. ಮರೆತರೆ ಮಸೂರದ ದಪ್ಪ ಬದಲಾಗುತ್ತದೆ.

ಎರಡನೇ ಪ್ರಯತ್ನ: ಯಂತ್ರ, ಆದರೆ ಉಂಗುರ

ಈ ಸಲ ಸಿಎನ್‌ಸಿ ಯಂತ್ರ. 10 ಮಿ.ಮೀ. ತ್ರಿಜ್ಯದ ರಬ್ಬರ್ ಗೋಳ, ಅದರ ಮೇಲೆ ಅಂಟಿಸಿದ ಮೃದು ಪಾಲಿಯುರೆಥೇನ್ ಬಟ್ಟೆ, ಕೊಲಾಯ್ಡಲ್ ಸಿಲಿಕಾ ಸ್ಲರಿ (ಅತಿ ಸಣ್ಣ ಸಿಲಿಕಾ ಕಣಗಳು ತೇಲುವ ದ್ರವ). ಗೋಳದ ಅಕ್ಷ ಮೇಲ್ಮೈಗೆ ಲಂಬ. ಸುರುಳಿ ದಾರಿ, ಸುತ್ತುಗಳ ನಡುವೆ 1 ಮಿ.ಮೀ. ಅಂತರ. ಒಟ್ಟು ಸವೆತ 300 ನ್ಯಾನೊಮೀಟರ್. ಫಲಿತಾಂಶ ಸೊಗಸಾಗಿತ್ತು: ಆರ್‌ಕ್ಯೂ 1.2, ಆಕಾರ 0.14 ಮೈಕ್ರಾನ್. ಅಚ್ಚು ಪಾಸಾಯಿತು.

ಮಸೂರ ಬಂದಾಗ ದೂರದ ಕಾಮನಬಿಲ್ಲು ಇರಲಿಲ್ಲ. ಆದರೆ ನಾಭಿತಲದಲ್ಲಿ ಚುಕ್ಕಿ ಬೆಳಕಿನ ಬಿಂಬದ ಸುತ್ತ, ಸುಮಾರು 33 ಮೈಕ್ರಾನ್ ದೂರದಲ್ಲಿ, ಮಂದ ಉಂಗುರ. ಮೇಲೆ ಹೇಳಿದ ಸಂಬಂಧವನ್ನು ಹಿಮ್ಮುಖವಾಗಿ ಹಾಕಿ: 33 ಮೈಕ್ರಾನ್ ಅನ್ನು 60 ಮಿ.ಮೀ.ನಿಂದ ಭಾಗಿಸಿದರೆ ಕೋನ 0.55 ಮಿಲಿರೇಡಿಯನ್. ಹಸಿರು ಬೆಳಕಿನ 0.55 ಮೈಕ್ರಾನ್ ತರಂಗಾಂತರಕ್ಕೆ ಇದು 1 ಮಿ.ಮೀ. ಅಂತರದ ಅಲೆ. ಸುರುಳಿಯ ಅಂತರವೂ ಅಷ್ಟೇ. ದೋಷ ತನ್ನ ವಿಳಾಸವನ್ನು ತಾನೇ ಬರೆದುಕೊಟ್ಟಿತ್ತು.

ಹಾಗಾದರೆ ಅಳತೆಯಲ್ಲಿ ಅದು ಏಕೆ ಸಿಗಲಿಲ್ಲ? ಒರಟುತನವನ್ನು ಬಿಳಿ ಬೆಳಕಿನ ಇಂಟರ್‌ಫೆರೊಮೀಟರ್‌ನಲ್ಲಿ (ಬೆಳಕಿನ ಅಲೆಗಳಿಂದ ಎತ್ತರ ಅಳೆಯುವ ಉಪಕರಣ) 50 ಪಟ್ಟಿನ ಆಬ್ಜೆಕ್ಟಿವ್ ಹಾಕಿ ಅಳೆಯಲಾಗಿತ್ತು. ಅದರ ನೋಟದ ಅಗಲವೇ ಮಿಲಿಮೀಟರಿನ ಸಣ್ಣ ಪಾಲು, ಜೊತೆಗೆ 0.08 ಮಿ.ಮೀ. ಕಟ್‌ಆಫ್ ಫಿಲ್ಟರ್. ಆಕಾರವನ್ನು ಪ್ರೊಫೈಲೊಮೀಟರ್‌ನಲ್ಲಿ (ಮೇಲ್ಮೈಯ ಏರಿಳಿತದ ರೇಖೆ ತೆಗೆಯುವ ಉಪಕರಣ) ಅಳೆದು 2.5 ಮಿ.ಮೀ. ಫಿಲ್ಟರ್‌ನಲ್ಲಿ ಸೋಸಲಾಗಿತ್ತು. ಒಂದು ಜರಡಿ 0.08ಕ್ಕಿಂತ ಸಣ್ಣದನ್ನು ಹಿಡಿದಿತು, ಇನ್ನೊಂದು 2.5ಕ್ಕಿಂತ ದೊಡ್ಡದನ್ನು. ನಡುವೆ ಇದ್ದದ್ದು ಎರಡರಲ್ಲೂ ಸೋರಿಹೋಯಿತು. ಪ್ರೊಫೈಲೊಮೀಟರಿನ ಸೋಸದ ಮೂಲ ದತ್ತಾಂಶವನ್ನು ತೆರೆದಾಗ ಅಲೆ ಅಲ್ಲೇ ಕೂತಿತ್ತು: 1 ಮಿ.ಮೀ. ಅಂತರ, ಶಿಖರದಿಂದ ಕಣಿವೆಗೆ 60 ನ್ಯಾನೊಮೀಟರ್.

60 ಎಂದರೆ ಅಲೆಯ ಎತ್ತರ ನಡುಗೆರೆಯಿಂದ 30. ಅಕ್ರಿಲಿಕ್‌ನಲ್ಲಿ ಅದು ಸುಮಾರು 0.17 ರೇಡಿಯನ್ ಪ್ರಾವಸ್ಥೆಯ (ಫೇಸ್) ವ್ಯತ್ಯಾಸ ತರುತ್ತದೆ, ಬೆಳಕಿನ 1.4%ರಷ್ಟು ಉಂಗುರಕ್ಕೆ ಹೋಗುತ್ತದೆ. ಮೊದಲ ದೂರಿಗೆ ಕಾರಣವಾಗಿದ್ದ ಆರ್‌ಕ್ಯೂ 5 ನ್ಯಾನೊಮೀಟರ್‌ನ ಗೀರುಗಳು ಚೆದುರಿಸುತ್ತಿದ್ದದ್ದು ಸುಮಾರು 0.08% ಮಾತ್ರ. ಪಾಲಿಶ್ ಆದ ಮೇಲೆ ದಾರಿ ತಪ್ಪಿದ ಬೆಳಕು ಸುಮಾರು ಹದಿನೆಂಟು ಪಟ್ಟಾಯಿತು, ಅದೂ ಬಿಂಬದ ಪಕ್ಕಕ್ಕೇ ಬಂದು ಕೂತಿತು.

ಅಲೆ ಹುಟ್ಟಿದ್ದು ಹೇಗೆ? ಸ್ಪಾಟ್‌ನ (ಗೋಳ ಮೇಲ್ಮೈಯನ್ನು ಒತ್ತಿ ಮುಟ್ಟುವ ಜಾಗ) ಸವೆತ ನಡುವೆ ಹೆಚ್ಚು, ಸುತ್ತ ನಯವಾಗಿ ಇಳಿಯುವ ಗಂಟೆಯಾಕಾರದಲ್ಲಿ ಇದ್ದಿದ್ದರೆ, 2 ಮಿ.ಮೀ. ಸ್ಪಾಟ್‌ಗೆ 1 ಮಿ.ಮೀ. ಅಂತರದಲ್ಲಿ ಅಲೆಯ ಎತ್ತರ ಸವೆತದ 1.4% ಮಾತ್ರ ಆಗುತ್ತಿತ್ತು: 300ಕ್ಕೆ 4 ನ್ಯಾನೊಮೀಟರ್. ಬಂದದ್ದು 30. ಏಕೆಂದರೆ ಗೋಳದ ಅಕ್ಷ ಲಂಬವಾಗಿದ್ದಾಗ ಸ್ಪಾಟ್‌ನ ನಟ್ಟನಡುವೆ ವೇಗ ಸೊನ್ನೆ. ಒತ್ತಡ ಇದ್ದೂ ಅಲ್ಲಿ ಸವೆತ ಇಲ್ಲ. ಸ್ಪಾಟ್ ಗಂಟೆಯಾಕಾರದ ಬದಲು ಬಳೆಯ ಆಕಾರದ್ದಾಯಿತು. ಬಳೆಗಳನ್ನು ಸಾಲಾಗಿ ಒತ್ತಿದರೆ ಅಲೆ ಬರದೆ ಇರುವುದಿಲ್ಲ.

ಈ ಅಲೆಯನ್ನು ಅದೇ ಗೋಳದಿಂದ ತಿದ್ದಲು ಕೂರಬಾರದು. ಸ್ಪಾಟ್‌ಗಿಂತ ಸಣ್ಣ ಅಂತರದ ದೋಷವನ್ನು ಆ ಸ್ಪಾಟ್ ತಿದ್ದಲಾರದು. ಶಿಖರವನ್ನು ಮುಟ್ಟುವಾಗ ಪಕ್ಕದ ಕಣಿವೆಯನ್ನೂ ಮುಟ್ಟುತ್ತದೆ. ಕಾಂತೀಯ ದ್ರವದ ಪಾಲಿಶ್ ಯಂತ್ರವೂ ಒಂದು ಆಯ್ಕೆಯೇ, ಆದರೆ ಒಳಬಾಗಿದ ಮೇಲ್ಮೈಗೆ ಅದರ ಚಕ್ರದ ತ್ರಿಜ್ಯ ಮೇಲ್ಮೈಯ ತ್ರಿಜ್ಯಕ್ಕಿಂತ ಸಣ್ಣದಿರಲೇಬೇಕು, 30 ಮಿ.ಮೀ. ಬಟ್ಟಲಿಗೆ ದೊಡ್ಡ ಚಕ್ರ ಇಳಿಯದು. ಉಳಿದದ್ದು ಮತ್ತೆ ಲೇತ್, ಮತ್ತೆ 8 ಮೈಕ್ರಾನ್.

ಮೂರನೇ ಪ್ರಯತ್ನ

ಈ ಸಲ ಕೆಲಸದ ಬಹುಪಾಲು ಪಾಲಿಶ್‌ಗೆ ಮುಂಚೆಯೇ ನಡೆಯಿತು. ಟೂಲ್‌ನ ಮೂಗು 1 ಮಿ.ಮೀ., ಫೀಡ್ 3 ಮೈಕ್ರಾನ್. ಲೆಕ್ಕದ ಆಳ 1.1 ನ್ಯಾನೊಮೀಟರ್, ಅಳೆದದ್ದು 12. ನಾಲ್ಕೈದು ನಿಮಿಷ ಕೊಟ್ಟು ಲೇತ್‌ನಲ್ಲಿ ಗೀರಿನ ಆಳ ಇಳಿಸುವುದು ಪಾಲಿಶ್‌ನಲ್ಲಿ ಗಂಟೆಗಟ್ಟಲೆ ತೆಗೆಯುವುದಕ್ಕಿಂತ ಯಾವಾಗಲೂ ಲೇಸು. ಸವೆತದ ಗುರಿ 100 ನ್ಯಾನೊಮೀಟರ್, ಅದೂ 50ರ ಎರಡು ಹಂತಗಳಲ್ಲಿ.

ಗೋಳದ ಅಕ್ಷವನ್ನು 25 ಡಿಗ್ರಿ ಓರೆ ಮಾಡಲಾಯಿತು. ಆಗ ಸ್ಪಾಟ್‌ನ ಎಲ್ಲ ಭಾಗದಲ್ಲೂ ವೇಗ ಇರುತ್ತದೆ; ನಿಮಿಷಕ್ಕೆ 500 ಸುತ್ತಿನ ಆಸುಪಾಸಿನಲ್ಲಿ ಸೆಕೆಂಡಿಗೆ ಸುಮಾರು 0.22 ಮೀಟರ್. ಎರಡನೇ ಹಂತದಲ್ಲಿ ಓರೆಯನ್ನು ಎದುರು ದಿಕ್ಕಿಗೆ ತಿರುಗಿಸಿದ್ದು ಒಂದೇ ಕಡೆಗೆ ಉಜ್ಜಿದ ಗೆರೆಗಳು ಉಳಿಯದಿರಲಿ ಎಂದು. ಬಟ್ಟೆ ಅಂಟಿಸಿದ ಗೋಳವನ್ನು ಯಂತ್ರದಲ್ಲೇ ವಜ್ರದ ಕಪ್‌ನಿಂದ ಡ್ರೆಸ್ ಮಾಡಿ (ಸವರಿ ಆಕಾರಕ್ಕೆ ತಂದು), ಓಲಾಟ 3 ಮೈಕ್ರಾನ್‌ನೊಳಗೆ ತರಲಾಯಿತು. ಈ ಹೆಜ್ಜೆ ಬಿಡುವಂತಿಲ್ಲ. ಗೋಳವನ್ನು ಬಟ್ಟಲಿಗೆ ಒತ್ತುವುದೇ 35 ಮೈಕ್ರಾನ್. ಓಲಾಟ 10 ಇದ್ದರೆ ಒತ್ತಡ ಪ್ರತಿ ಸುತ್ತಿನಲ್ಲೂ ಕಾಲುಭಾಗಕ್ಕಿಂತ ಹೆಚ್ಚು ಏರಿಳಿಯುತ್ತದೆ. ಆಮೇಲೆ ಬಟ್ಟೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಇಪ್ಪತ್ತು ನಿಮಿಷ ಬೇಡದ ತುಣುಕಿನ ಮೇಲೆ ಓಡಿಸಿ ಪಳಗಿಸಬೇಕು. ಹೊಸ ಬಟ್ಟೆ ಸವೆಸುವ ವೇಗ ಮೊದಮೊದಲು ಸ್ಥಿರವಾಗಿರುವುದಿಲ್ಲ.

ಸ್ಪಾಟ್ ಪರೀಕ್ಷೆಯಲ್ಲಿ ಹಲವರು ಎಡವುವ ಜಾಗ ಒಂದಿದೆ. ಪರೀಕ್ಷೆಗೆ ಸಮತಟ್ಟು ತುಣುಕು ಹಿಡಿದರೆ ಅದೇ ಒತ್ತಿಗೆ ಬಟ್ಟಲಿನಲ್ಲಿ ಸ್ಪಾಟ್ ದೊಡ್ಡದಾಗುತ್ತದೆ. 50 ಮೈಕ್ರಾನ್ ಒತ್ತಿದಾಗ ಸಮತಟ್ಟಿನಲ್ಲಿ 2 ಮಿ.ಮೀ. ಬರುವ ಸ್ಪಾಟ್ 30 ಮಿ.ಮೀ. ತ್ರಿಜ್ಯದ ಬಟ್ಟಲಿನಲ್ಲಿ 2.4 ಮಿ.ಮೀ. ಮೀರುತ್ತದೆ, ಏಕೆಂದರೆ ಬಟ್ಟಲು ಗೋಳವನ್ನು ಅಪ್ಪಿಕೊಳ್ಳುತ್ತದೆ. ವಿಸ್ತೀರ್ಣ ಒಂದೂವರೆ ಪಟ್ಟು. ಹಾಗಾಗಿ ಅದೇ ತ್ರಿಜ್ಯದ, ಅದೇ ಲೇಪದ ತುಣುಕಿನ ಮೇಲೆ, 35 ಮೈಕ್ರಾನ್ ಒತ್ತಿ, 10, 20, 40 ಸೆಕೆಂಡುಗಳ ಮೂರು ಸ್ಪಾಟ್ ಹಾಕಲಾಯಿತು. ಆಳ ಸಮಯಕ್ಕೆ ಸರಿಯಾಗಿ ಏರಿತು: ಸೆಕೆಂಡಿಗೆ 4 ನ್ಯಾನೊಮೀಟರ್. ಹೀಗೆ ನೇರ ಗೆರೆಯಲ್ಲಿ ಬರದಿದ್ದರೆ ಸ್ಲರಿ ಅಥವಾ ಬಟ್ಟೆ ಇನ್ನೂ ಸ್ಥಿರವಾಗಿಲ್ಲ ಎಂದರ್ಥ, ಅಚ್ಚನ್ನು ಮುಟ್ಟಬೇಡಿ.

ದಾರಿಯನ್ನೂ ಬದಲಿಸಲಾಯಿತು. ಬಟ್ಟಲು ನಿಮಿಷಕ್ಕೆ 60 ಸುತ್ತು ತಿರುಗುತ್ತಿರುತ್ತದೆ. ಗೋಳ ಒಂದು ಅಂಚಿನಿಂದ ನಡುವನ್ನು ಹಾದು ಎದುರಿನ ಅಂಚಿಗೆ ಸರಿಯುತ್ತದೆ. ಸರಿಯುವ ವೇಗ ತ್ರಿಜ್ಯಕ್ಕೆ ವಿಲೋಮ: 12 ಮಿ.ಮೀ. ತ್ರಿಜ್ಯದಲ್ಲಿ ನಿಮಿಷಕ್ಕೆ 0.2 ಮಿ.ಮೀ., 1 ಮಿ.ಮೀ.ನಲ್ಲಿ 2.4. ಒಂದು ಸುತ್ತಿಗೆ ಹೊರಗಡೆ 3.3 ಮೈಕ್ರಾನ್, ನಡುವಿನಲ್ಲಿ 40 ಮೈಕ್ರಾನ್ ಜರುಗುತ್ತದೆ. 2 ಮಿ.ಮೀ. ಸ್ಪಾಟ್‌ನ ಎದುರು ಈ ಅಂತರಗಳು ಏನೇನೂ ಅಲ್ಲ, ದಾರಿಯಿಂದ ಅಲೆ ಹುಟ್ಟುವ ಪ್ರಶ್ನೆಯೇ ಇಲ್ಲ. ಈ ದಾರಿಗೆ ಇನ್ನೊಂದು ಗುಣವಿದೆ. ಪ್ರತಿ ಉಂಗುರಕ್ಕೂ ಗೋಳ ಎರಡು ಸಲ ಬರುತ್ತದೆ, ಒಮ್ಮೆ ಬೇಗ, ಒಮ್ಮೆ ತಡವಾಗಿ. ಬಟ್ಟೆ ಸವೆದು ಅಥವಾ ಸ್ಲರಿ ಮಂದವಾಗಿ ವೇಗ ನಿಧಾನಕ್ಕೆ ಬದಲಾದರೂ ಎರಡು ಭೇಟಿಗಳ ಮೊತ್ತ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಗೋಳದ ಸುತ್ತುಗಳನ್ನು 517 ಎಂದು ಇಟ್ಟದ್ದು ಅದು ಬಟ್ಟಲಿನ ಸುತ್ತಿನ ಸರಳ ಗುಣಕವಾಗದಿರಲಿ ಎಂದು. ಹಾಗೆ ಗುಣಕವಾದರೆ ಅದೇ ಮಚ್ಚೆ ಅದೇ ಜಾಗಕ್ಕೆ ಬೀಳುತ್ತದೆ.

ಗೋಳ ನಡುವನ್ನು ನಿಜವಾಗಿಯೂ ಹಾಯಬೇಕು. ಪಕ್ಕಕ್ಕೆ 0.2 ಮಿ.ಮೀ. ತಪ್ಪಿದರೂ ನಟ್ಟನಡುವಿನ ಸವೆತ 8%ರಷ್ಟು ಕಡಿಮೆಯಾಗಿ ಸಣ್ಣ ಗುಬುಟು ಉಳಿಯುತ್ತದೆ. ಅಂಚಿಗೆ, 28 ಮಿ.ಮೀ. ವರೆಗೆ ಕತ್ತರಿಸಿಟ್ಟ ಹೆಚ್ಚುವರಿ ಪಟ್ಟಿ ಈಗ ನೆರವಿಗೆ ಬರುತ್ತದೆ: ಸ್ಪಾಟ್‌ನ ತ್ರಿಜ್ಯ 1 ಮಿ.ಮೀ., ಪಟ್ಟಿ 2 ಮಿ.ಮೀ., ಇಳಿಜಾರು ಬಳಕೆಯ ವ್ಯಾಸದೊಳಗೆ ಬರುವುದಿಲ್ಲ.

ಸ್ಲರಿ ಆಮ್ಲೀಯ ಕೊಲಾಯ್ಡಲ್ ಸಿಲಿಕಾ, ತೂಕದಲ್ಲಿ 10%, ಪಿಎಚ್ ಸುಮಾರು 3, ಉಷ್ಣತೆ 22 ಡಿಗ್ರಿ, 1 ಮೈಕ್ರಾನ್ ಫಿಲ್ಟರ್ ಮೂಲಕ. ನಿಕಲ್-ಫಾಸ್ಫರಸ್ ಲೇಪದ ಹಾರ್ಡ್ ಡಿಸ್ಕ್ ತಟ್ಟೆಗಳ ಕೊನೆಯ ಪಾಲಿಶ್‌ಗೂ ಇದೇ ಬಗೆಯ ಆಮ್ಲೀಯ ಸಿಲಿಕಾ ಬಳಸುತ್ತಾರೆ. ಆಮ್ಲವೇ ಇಲ್ಲಿ ಅರ್ಧ ಕೆಲಸ ಮಾಡುವುದು. ಮೇಲ್ಪದರವನ್ನು ಮೆತ್ತಗೆ ಮಾಡಿಕೊಡುತ್ತದೆ, ಕಣ ಅದನ್ನು ಒರೆಸುತ್ತದೆ. ಅದೇ ಕಾರಣಕ್ಕೆ ಬರಿದಾಗಿ ಕಾಣುವ ಉಕ್ಕಿನ ಭಾಗವನ್ನೆಲ್ಲ ಮೇಣ ಅಥವಾ ವಾರ್ನಿಶ್‌ನಿಂದ ಮುಚ್ಚಬೇಕು, ಇಲ್ಲದಿದ್ದರೆ ಲೇಪ ಮತ್ತು ಉಕ್ಕು ಕೂಡುವ ಗೆರೆಯಲ್ಲಿ ತುಕ್ಕು ತಿನ್ನುತ್ತದೆ. ಯಂತ್ರ ನಿಂತಾಗ ಸ್ಲರಿ ಅಚ್ಚಿನ ಮೇಲೆ ನಿಲ್ಲಬಾರದು. ನಿಂತ ಕಡೆ ಮಬ್ಬು ಕೂರುತ್ತದೆ. ಮೊದಲು ವಜ್ರದ ಪೇಸ್ಟ್ ಬಳಸಿದ ತೊಟ್ಟಿ, ಕೊಳವೆ, ಹೋಲ್ಡರ್ ಯಾವುದನ್ನೂ ಇಲ್ಲಿಗೆ ತರಬಾರದು. 1 ಮೈಕ್ರಾನ್ ವಜ್ರದ ಕಣ ಒಂದೇ ಒಂದು ಇದ್ದರೂ ಸಾಕು, ಗೀರು ಅಂಚಿನಿಂದ ಅಂಚಿಗೆ ಹೋಗುತ್ತದೆ.

ಎರಡೂ ಹಂತ ಸೇರಿ ಸುಮಾರು ಮೂರು ಗಂಟೆ. ಮುಗಿದ ಕೂಡಲೇ, ಒಣಗಲು ಬಿಡದೆ, ಶುದ್ಧೀಕರಿಸಿದ ನೀರನ್ನು ಧಾರಾಳವಾಗಿ ಸುರಿದು ತೊಳೆಯಬೇಕು. ನೀರನ್ನು ಜಿಪುಣತನದಿಂದ ಬಿಟ್ಟರೆ ಸ್ಲರಿಯ ಪಿಎಚ್ ಮೇಲೇರಿ ಸಿಲಿಕಾ ಕಣಗಳು ಒಟ್ಟುಗೂಡುವ ವಲಯಕ್ಕೆ ಬರುತ್ತವೆ, ಮೇಲ್ಮೈಗೆ ಅಂಟುತ್ತವೆ. ಒಣಗಿ ಅಂಟಿದ ಸಿಲಿಕಾ ಯಾವ ದ್ರಾವಕಕ್ಕೂ ಸುಲಭಕ್ಕೆ ಬಿಡುವುದಿಲ್ಲ. ಅದನ್ನು ತೆಗೆಯಲು ಉಜ್ಜಿದರೆ ಮೂರು ಗಂಟೆಯ ಕೆಲಸ ಹೋಯಿತು. ತೊಳೆದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್, ಸೋಸಿದ ಗಾಳಿ. ಬಟ್ಟೆಯಿಂದ ಒರೆಸುವುದು ಬೇಡ.

ಅಳತೆ, ಮತ್ತು ಉಳಿದ ಎರಡು ಕುಳಿಗಳು

ಈ ಬಾರಿ ಮೂರು ಜರಡಿ. 50 ಪಟ್ಟಿನಲ್ಲಿ ಒರಟುತನ: ಆರ್‌ಕ್ಯೂ 1.1. ಪ್ರೊಫೈಲೊಮೀಟರಿನಲ್ಲಿ ಆಕಾರ: 0.11 ಮೈಕ್ರಾನ್. ನಡುವಿನ ಪಟ್ಟಿಗೆ, 0.08ರಿಂದ 2.5 ಮಿ.ಮೀ. ವರೆಗೆ, ಅದೇ ಪ್ರೊಫೈಲ್‌ನ ಮೂಲ ದತ್ತಾಂಶವನ್ನು ಬೇರೆಯಾಗಿ ಸೋಸಿ ನೋಡಲಾಯಿತು, 2.5 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಐದು ಜಾಗಗಳನ್ನೂ ಪರಿಶೀಲಿಸಲಾಯಿತು. ಇಷ್ಟು ಕಡಿಮೆ ಪಟ್ಟಿನ ಆಬ್ಜೆಕ್ಟಿವ್ ಕೆಲವೇ ಡಿಗ್ರಿ ಇಳಿಜಾರನ್ನು ಮಾತ್ರ ನೋಡಬಲ್ಲದು, ಹಾಗಾಗಿ ಪ್ರತಿ ಜಾಗಕ್ಕೂ ಬಟ್ಟಲನ್ನು ವಾಲಿಸಿ ಲಂಬಕ್ಕೆ ತರಬೇಕು. ಅಲೆ ಶಿಖರದಿಂದ ಕಣಿವೆಗೆ 6 ನ್ಯಾನೊಮೀಟರ್. ಉಂಗುರಕ್ಕೆ ಹೋಗುವ ಬೆಳಕು ಅಲೆಯ ವರ್ಗಕ್ಕೆ ಅನುಗುಣವಾದ್ದರಿಂದ ನೂರನೇ ಒಂದು ಭಾಗಕ್ಕೆ ಇಳಿಯಿತು. ಮಸೂರದಲ್ಲಿ ಉಂಗುರ ಕಾಣಲಿಲ್ಲ.

ಬಳಕೆಯ ವ್ಯಾಸದೊಳಗೆ ಎರಡು ಕುಳಿ ಉಳಿದವು, ತಲಾ 6 ಮೈಕ್ರಾನ್ ಅಗಲ. ಇವು ಲೇಪದ ದೋಷಗಳು; ಉಕ್ಕಿನೊಳಗಿನ ಕಲ್ಮಶದ ಮೇಲೆ ಲೇಪ ಸರಿಯಾಗಿ ಕೂರದಿದ್ದಾಗ ಹುಟ್ಟುವಂಥವು, ಲೇತ್‌ನ ಪ್ರತಿ ಕಟ್‌ನಲ್ಲೂ ಹೊಸವು ಮೇಲೆ ಬರಬಹುದು. ಪಾಲಿಶ್ ಮುಂದುವರಿಸಿದರೆ ಕುಳಿ ಮುಚ್ಚುವುದಿಲ್ಲ. ಅಂಚು ಸವೆದು, ಗೋಳ ಉಜ್ಜುವ ದಿಕ್ಕಿನಲ್ಲಿ ಧೂಮಕೇತುವಿನಂತೆ ಬಾಲ ಬೆಳೆಯುತ್ತದೆ, 6 ಮೈಕ್ರಾನ್‌ನ ಗುರುತು 100 ಮೈಕ್ರಾನ್ ಉದ್ದವಾಗುತ್ತದೆ. ಕುಳಿ ಎರಡೂ ಸೇರಿ ಬಳಕೆಯ ವಿಸ್ತೀರ್ಣದ ಕೋಟಿಯಲ್ಲಿ ಒಂದೆರಡು ಪಾಲು, ಬಿಂಬಕ್ಕೆ ತಟ್ಟುವುದಿಲ್ಲ. ಅವುಗಳ ಸ್ಥಾನವನ್ನು ಇನ್ಸರ್ಟ್‌ನ ದಾಖಲೆಯಲ್ಲಿ ಗುರುತಿಸಿ ಅಚ್ಚನ್ನು ಹಾಗೆಯೇ ಬಿಡಲಾಯಿತು. ಲೇಪ ಇನ್ನೂ 64 ಮೈಕ್ರಾನ್ ಇದೆ.